ಓಣಿಯ ನಾಟಕ ತಂಡವನ್ನು ಓಣಿಯೇ ಸಾಕುವುದು ಹೇಗೆ? ಬಾಗಲಕೋಟೆಯಿಂದ ಒಂದು ಸಮಗ್ರ ಮಾರ್ಗದರ್ಶಿ

ಮೊದಲನೇ ವರ್ಷ ನಾಟಕ ಮಾಡುವುದು ಸುಲಭ. ಹುಮ್ಮಸ್ಸು ಇರುತ್ತದೆ, ಪಾತ್ರ ಮಾಡುವವರೇ ಕೈಯಿಂದ ರೊಕ್ಕ ಹಾಕುತ್ತಾರೆ, ಮನೆಯವರೂ 'ಒಂದ್ಸಲ ಮಾಡ್ಲಿ ಬಿಡು' ಅಂತ ಸುಮ್ನಿರುತ್ತಾರೆ. ಎರಡನೇ ವರ್ಷವೂ ಹೇಗೋ ದಾಟುತ್ತದೆ. ಮೂರನೇ ವರ್ಷ ಪೇಟಿ (ಹಾರ್ಮೋನಿಯಂ) ಮಾಸ್ತರರ ಬಾಕಿ, ಸೀನು (ಚಿತ್ರ ಬರೆದ ಪರದೆ) ಬಾಡಿಗೆಯವರ ಬಾಕಿ, ಮೈಕಿನವನ ಬಾಕಿ ಎಲ್ಲಾ ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತವೆ. ತಂಡ ಒಡೆಯುವುದು ಆಗಲೇ. ನಮ್ಮದೂ ಹಾಗೇ ಒಡೆದಿತ್ತು.

ನಾವು ಒಬ್ಬರನ್ನೇ ನಂಬಿಕೊಂಡಿದ್ದೆವು. ಊರಿನ ಒಬ್ಬ ದೊಡ್ಡ ವ್ಯಾಪಾರಿ ಎರಡು ವರ್ಷ ಪೂರ್ತಿ ಖರ್ಚು ಕೊಟ್ಟರು. ಮೂರನೇ ವರ್ಷ ತಮ್ಮ ಅಳಿಯನಿಗೆ ಹೀರೋ ಪಾತ್ರ ಬೇಕು ಅಂದರು. ಅಳಿಯನಿಗೋ ಎರಡು ಸಾಲು ಮಾತು ನೆನಪಿರುತ್ತಿರಲಿಲ್ಲ. ಆಗಲ್ಲ ಅಂದೆವು, ಅವರೂ ಆಗಲ್ಲ ಅಂದರು. ನಾಟಕಕ್ಕೆ ಹದಿನೆಂಟು ದಿನ ಉಳಿದಿತ್ತು. ಸೀನಿಗೆ ಕೊಟ್ಟ ಮುಂಗಡ ಹೋಯಿತು, ತಾಲೀಮು ನಿಂತಿತು.

ಎರಡು ವರ್ಷ ಬಿಟ್ಟು ಮತ್ತೆ ಶುರು ಮಾಡುವಾಗ ಒಂದೇ ನಿಯಮ ಇಟ್ಟುಕೊಂಡೆವು: ಯಾರೇ ಒಬ್ಬರು ಕೈಬಿಟ್ಟರೂ ನಾಟಕ ನಿಲ್ಲಬಾರದು. ಇಲ್ಲಿ ಬರೆದಿರುವುದೆಲ್ಲ ಆ ನಿಯಮ ಪಾಲಿಸಲು ಹೋಗಿ ಕಲಿತದ್ದು.

ಲಾಭದ ಆಸೆ ಇಲ್ಲದೆ, ವರ್ಷಕ್ಕೆ ಒಂದೋ ಎರಡೋ ನಾಟಕ ಮಾಡುವ ಓಣಿಯ ತಂಡಗಳಿಗಷ್ಟೇ ಇದು ಉಪಯೋಗ. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಗೆ ಬರುವ ವೃತ್ತಿ ನಾಟಕ ಕಂಪನಿಗಳ ಲೆಕ್ಕವೇ ಬೇರೆ. ಅವರು ವಾರಗಟ್ಟಲೆ ಅಲ್ಲೇ ಠಿಕಾಣಿ ಹೂಡಿ, ಒಂದೇ ದಿನ ಎರಡು ಮೂರು ಆಟ ಆಡಿ, ಟಿಕೆಟ್ ದುಡ್ಡಲ್ಲೇ ಬದುಕುತ್ತಾರೆ. ಬೆಳಗಾವಿ ಕಡೆಯ ಏಣಗಿ ಬಾಳಪ್ಪನವರಂಥವರು ಅದೇ ದಾರಿಯಲ್ಲಿ ದಶಕಗಟ್ಟಲೆ ಕಂಪನಿ ನಡೆಸಿದರು. ಹಗಲು ಅಂಗಡಿ, ಆಫೀಸು, ಮಗ್ಗ ಅಂತ ಓಡಾಡಿ ರಾತ್ರಿ ಬಣ್ಣ ಹಚ್ಚುವ ನಮಗೆ ಅದು ಆಗದ ಮಾತು.

ಹಂತ 1: ಮೊದಲು ಮನೆಗಳ ಪಟ್ಟಿ, ಆಮೇಲೆ ರೊಕ್ಕದ ಪಟ್ಟಿ

ನಮ್ಮ ಕಡೆ ದೇಣಿಗೆ ಕೂಡಿಸುವುದಕ್ಕೆ ಪಟ್ಟಿ ಎತ್ತುವುದು ಅಂತಾರೆ. ಎಲ್ಲರೂ ಮಾಡುವ ತಪ್ಪು ಏನಂದರೆ, ಓಣಿಯಲ್ಲಿ ಯಾರಿದ್ದಾರೆ ಅಂತ ತಿಳಿಯುವ ಮೊದಲೇ ಪಟ್ಟಿ ಎತ್ತಲು ಹೊರಡುವುದು.

ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಳ್ಳಿ. ಮನೆ ಮನೆಗೆ ಹೋಗಿ. ಈ ಸುತ್ತಿನಲ್ಲಿ ರೊಕ್ಕದ ಮಾತು ಬೇಡವೇ ಬೇಡ. ನಾಲ್ಕೇ ವಿಷಯ ಬರೆದುಕೊಳ್ಳಿ: ಮನೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ, ಹಿಂದೆ ಯಾರಾದರೂ ಪಾರಿಜಾತ, ಸಣ್ಣಾಟದಂಥ ಬಯಲಾಟವೋ ನಾಟಕವೋ ಮಾಡಿದ್ದಾರಾ, ಮನೆಯಲ್ಲಿ ಉಪಯೋಗಕ್ಕೆ ಬರುವ ವಸ್ತು ಏನಿದೆ, ರೊಕ್ಕ ಕೈಗೆ ಬರುವುದು ಯಾವ ತಿಂಗಳು. ಕೊನೆಯದನ್ನು ಬಾಯಿಬಿಟ್ಟು ಕೇಳಬೇಡಿ, ಮಾತಿನ ನಡುವೆ ಗೊತ್ತಾಗುತ್ತದೆ. ಎರಡನೆಯದನ್ನು ಮಾತ್ರ ಬಿಡದೆ ಕೇಳಿ. ನಮ್ಮ ಓಣಿಯಲ್ಲಿ ಕಿರಾಣಿ ಅಂಗಡಿ ನಡೆಸುವ ಎಪ್ಪತ್ತರ ಕಾಕಾ ಒಬ್ಬರು ಹುಡುಗನಾಗಿದ್ದಾಗ ಪಾರಿಜಾತದಲ್ಲಿ ರುಕ್ಮಿಣಿ ಪಾತ್ರ ಮಾಡುತ್ತಿದ್ದರಂತೆ. ಮೂವತ್ತು ವರ್ಷ ಅವರ ಅಂಗಡಿಯಲ್ಲೇ ಸಕ್ಕರೆ ತಂದಿದ್ದೆ, ಗೊತ್ತಿರಲಿಲ್ಲ. ಈಗ ಹಾಡು ಕಲಿಸುವವರು ಅವರೇ.

ಬಾಗಲಕೋಟೆಯವರಿಗೆ ಓಣಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಹೋಳಿ ಬಂತೆಂದರೆ ಕಿಲ್ಲಾ, ಹೊಸಪೇಟೆ, ಜೈನಪೇಟೆ ಅಂತ ಓಣಿ ಓಣಿಯೇ ಹಲಗಿ ಹಿಡಿದು ಹೊರಡುತ್ತದೆ, ಬಂಡಿಯ ಮೇಲೆ ಸೋಗು ಹಾಕಿ ನಿಲ್ಲುತ್ತದೆ. ಯಾರು ಬಂಡಿ ಕೊಡಬೇಕು, ಯಾರು ಬಣ್ಣ ತರಬೇಕು ಅನ್ನುವುದು ಹಿರಿಯರಿಗೆ ಬಾಯಿಪಾಠ. ಹೊಸ ವ್ಯವಸ್ಥೆ ಕಟ್ಟಲು ಹೋಗಬೇಡಿ, ಹೋಳಿಗೆ ಓಡಾಡುವ ಆ ಜನರನ್ನೇ ಹಿಡಿಯಿರಿ.

ಆದರೆ ನಮ್ಮೂರಿಗೆ ಇನ್ನೊಂದು ತೊಡಕಿದೆ. ಆಲಮಟ್ಟಿ ಹಿನ್ನೀರಿಗೆ ಮನೆ ಕಳೆದುಕೊಂಡು ಅರ್ಧ ಓಣಿ ನವನಗರದ ಸೆಕ್ಟರ್‌ಗಳಿಗೆ ಹೋಗಿ ಕೂತಿದೆ. ಅವರನ್ನು ಪಟ್ಟಿಯಿಂದ ಬಿಡಬೇಡಿ. ಇಲ್ಲೇ ಉಳಿದವರಿಗಿಂತ ಹೋದವರೇ ಜಾಸ್ತಿ ಕೊಡುತ್ತಾರೆ, ನನ್ನ ಅನುಭವ ಅದು. ಸೆಕ್ಟರ್‌ನಲ್ಲಿರುವ ಒಬ್ಬ ಅಜ್ಜನ ಮನೆಗೆ ಹೋದಾಗ ಅವರು ಅಂದದ್ದು: "ನನ್ನ ಮನಿ ಇದ್ದ ಜಾಗದಾಗ ಈಗ ನೀರ ಐತಿ ತಮ್ಮಾ. ನಾಟಕಕ್ಕರ ಕರೀರಿ." ನಾಟಕದ ದಿನ ಅಂಥವರನ್ನು ಕರೆತರಲು ಒಂದು ಟಂಟಂ ಮಾಡಿ. ಖರ್ಚು ದೊಡ್ಡದೇನಲ್ಲ.

ಹಂತ 2: ನೋಂದಣಿ, ಬ್ಯಾಂಕ್ ಖಾತೆ

ಇದನ್ನು ಬೇಗ ಮುಗಿಸಿಬಿಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಸಂಘ ಕಟ್ಟಲು ಕಡಿಮೆ ಅಂದರೆ ಏಳು ಜನ ಬೇಕು. ಏಳೂ ಜನ ನಟರೇ ಆಗಬಾರದು. ಒಬ್ಬ ಹೆಣ್ಣುಮಗಳು ಅಂತ ಹೆಸರಿಗೆ ಸೇರಿಸುವ ಬದಲು ನಿಜವಾಗಿ ಓಡಾಡುವ ಇಬ್ಬರು ಮೂವರನ್ನು ಸೇರಿಸಿ. ಬೈಲಾದಲ್ಲಿ ಉಳಿದ ರೊಕ್ಕವನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ ಅಂತ ಸ್ಪಷ್ಟವಾಗಿ ಇರಲಿ. ಸಂಘದ ಹೆಸರಿಗೆ ಪ್ಯಾನ್ ಕಾರ್ಡ್, ಸಂಘದ ಹೆಸರಿಗೇ ಬ್ಯಾಂಕ್ ಖಾತೆ, ಚೆಕ್ಕಿಗೆ ಇಬ್ಬರ ಸಹಿ. ನಾಟಕ ಮಾಸ್ತರು ಖಜಾಂಚಿ ಆಗುವುದು ಬೇಡ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಮಾಡಿ ಕಾಗದಪತ್ರ ಸಲ್ಲಿಸುವುದನ್ನು ಮರೆತರೆ ಮುಂದೆ ಎಲ್ಲಿ ಅರ್ಜಿ ಹಾಕಿದರೂ ತೊಂದರೆ.

'80ಜಿ ಮಾಡಿಸ್ರಿ, ದಾನಿಗಳು ಓಡಿ ಬರ್ತಾರ' ಅಂತ ಯಾರಾದರೂ ಹೇಳೇ ಹೇಳುತ್ತಾರೆ. ದಾನ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ನೋಂದಣಿ ಅದು, ಮಾಡಿಸಿದರೆ ಒಳ್ಳೆಯದೇ. ಆದರೆ 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮೊದಲೇ ಇಲ್ಲ. ತಿಂಗಳಿಗೆ ಐವತ್ತು ರೂಪಾಯಿ ಕೊಡುವ ಅಕ್ಕನಿಗೆ ಅದು ಬೇಕಾಗಿಯೂ ಇಲ್ಲ, ಅಲ್ವಾ?

ಹಂತ 3: ರೊಕ್ಕ ಕೇಳುವ ಮೊದಲು ವಸ್ತು ಕೇಳಿ, ಕೆಲಸ ಕೇಳಿ

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಬಯಲಲ್ಲಿ ಮಾಡುವ ಒಂದು ರಾತ್ರಿಯ ನಾಟಕಕ್ಕೆ 60,000 ರೂಪಾಯಿ ಬೇಕು ಅಂತಿಟ್ಟುಕೊಳ್ಳಿ. ಮೈಕು, ಲೈಟು 15,000. ಸೀನು ಬಾಡಿಗೆ 12,000. ಪೇಟಿ, ತಬಲಾ, ಕ್ಯಾಸಿಯೋದವರಿಗೆ 10,000. ಹೊರಗಿನಿಂದ ಬರುವ ನಟಿಯರಿಗೆ 9,000. ಊಟ, ಚಹಾ 8,000. ಹ್ಯಾಂಡ್‌ಬಿಲ್ಲು, ಬಣ್ಣ, ಚಿಲ್ಲರೆ ಖರ್ಚು 6,000. ನಿಮ್ಮೂರಿನ ದರ ಬೇರೆ ಇರಬಹುದು, ಲೆಕ್ಕ ಹಾಕುವ ರೀತಿ ಇದು.

ಈಗ ಒಂದೊಂದೇ ಸಾಲಿನ ಮುಂದೆ ಕೂತು, ಇದನ್ನು ಓಣಿಯಲ್ಲಿ ಯಾರಾದರೂ ಕೊಡಬಹುದಾ ಅಂತ ನೋಡಿ. ಊಟಕ್ಕೆ ಮನೆಗೆ ಹತ್ತು ಖಡಕ್ ರೊಟ್ಟಿ ಕೇಳಿದರೆ ಮೂವತ್ತು ಮನೆಯಿಂದ ಮುನ್ನೂರು ರೊಟ್ಟಿ ಬರುತ್ತವೆ. ಖಡಕ್ ರೊಟ್ಟಿ ಕೆಡುವುದಿಲ್ಲ, ಎರಡು ದಿನ ಮೊದಲೇ ಕೂಡಿಸಿ ಇಡಬಹುದು. ಶೇಂಗಾ ಚಟ್ನಿಯೂ ಹಾಗೇ. ಪಲ್ಯ ಮಾತ್ರ ಅವತ್ತೇ ಮಾಡಿಸಿ. ಬಾಡಿಗೆ ಸೀನುಗಳಲ್ಲಿ ಅರಮನೆಯೂ ಇರುತ್ತದೆ, ಕಾಡೂ ಇರುತ್ತದೆ, ನಿಮ್ಮ ನಾಟಕಕ್ಕೆ ಎರಡೂ ಬೇಡದಿರಬಹುದು. ಬೋರ್ಡ್ ಬರೆಯುವ ಪೇಂಟರ್ ಓಣಿಯಲ್ಲಿದ್ದರೆ ಎರಡು ಪರದೆ ಸ್ವಂತದ್ದೇ ಬರೆಸಿ, ಹತ್ತು ವರ್ಷ ಬರುತ್ತವೆ. ವೇಷಕ್ಕೆ ಅಜ್ಜಿಯರ ಟ್ರಂಕಿಗಿಂತ ದೊಡ್ಡ ಅಂಗಡಿ ಇಲ್ಲ: ಹಳೇ ಇಳಕಲ್ ಸೀರೆ, ಗುಳೇದಗುಡ್ಡ ಖಣದ ಕುಪ್ಪಸ, ಧೋತರ, ರುಮಾಲು. ಹೀಗೆ ಊಟದಲ್ಲಿ 6,500, ಸೀನಿನಲ್ಲಿ 6,000, ಚಿಲ್ಲರೆ ಖರ್ಚಿನಲ್ಲಿ 4,000 ಉಳಿದರೆ ಬೇಕಾದ ರೊಕ್ಕ 43,500ಕ್ಕೆ ಇಳಿಯುತ್ತದೆ.

ಒಂದು ಸಾಲನ್ನು ಮಾತ್ರ ಮುಟ್ಟಬೇಡಿ. ಹೊರಗಿನಿಂದ ಬರುವ ಕಲಾವಿದೆಯರ ಸಂಭಾವನೆಯಲ್ಲಿ ಚೌಕಾಸಿ ಮಾಡಿ ಓಣಿಯ ಸೇವೆ ಅನ್ನುವುದು ನ್ಯಾಯವಲ್ಲ. ಅವರಿಗೆ ಅದು ಹೊಟ್ಟೆಪಾಡು. ಬಣ್ಣ ಹಚ್ಚುವ ಮೊದಲೇ ಪೂರ್ತಿ ರೊಕ್ಕ ಕೈಗೆ ಕೊಡಿ, ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಇರುವ ಕೋಣೆ ಕೊಡಿ, ರಾತ್ರಿ ಊರು ಮುಟ್ಟಿಸುವ ಗಾಡಿ ಮಾಡಿ. ಹಾಗೆ ಮಾಡಿದ್ದಕ್ಕೇ, ಮತ್ತೆ ಶುರು ಮಾಡಿದ ಮೂರನೇ ವರ್ಷ ನಮ್ಮ ಓಣಿಯ ಇಬ್ಬರು ಹೆಣ್ಣುಮಕ್ಕಳು 'ನಾವೂ ಪಾತ್ರ ಮಾಡ್ತೀವ್ರಿ' ಅಂತ ಮುಂದೆ ಬಂದರು.

ಇನ್ನು ಚಹಾ ಪಾಳಿ. ತಾಲೀಮು ರಾತ್ರಿ ಊಟ ಆದಮೇಲೆ, ಎಂಟೂವರೆಗೆ. ಗುಡಿಯ ಪಡಸಾಲೆಯೋ ಶಾಲೆಯ ಕೋಣೆಯೋ ಸಿಕ್ಕರೆ ಸಾಕು. ಇಪ್ಪತ್ತು ದಿನ ತಾಲೀಮು ಅಂದರೆ ಇಪ್ಪತ್ತು ಮನೆಗೆ ಒಂದೊಂದು ದಿನದ ಚಹಾ ಹಂಚಿ. ಇಪ್ಪತ್ತು ಕಪ್ ಚಹಾ, ಚುರುಮರಿ ಇದ್ದರೆ ಚುರುಮರಿ. ದುಡ್ಡಿನ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಚಹಾ ತಂದ ಅಕ್ಕ ಖಾಲಿ ಕಪ್ಪು ಒಯ್ಯಲು ಅರ್ಧ ತಾಸು ಕೂತೇ ಕೂರುತ್ತಾರೆ, ಮಕ್ಕಳು ಜೊತೆಗೆ ಬಂದಿರುತ್ತವೆ. ಮರುದಿನ ನಳದ ಹತ್ತಿರ ಅದೇ ಮಾತು. ನಾಟಕದ ದಿನ ಬರುವ ಹೊತ್ತಿಗೆ ಆ ಇಪ್ಪತ್ತು ಮನೆಗಳಿಗೆ ಯಾರ ಮಾತು ಎಲ್ಲಿ ತಪ್ಪುತ್ತದೆ ಅಂತಲೂ ಗೊತ್ತಿರುತ್ತದೆ. ಒಮ್ಮೆ ನಮ್ಮ ಖಳನಾಯಕ ವೇದಿಕೆ ಮೇಲೆ ಮಾತು ಮರೆತು ನಿಂತಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಯೊಬ್ಬಳು ಅಲ್ಲಿಂದಲೇ ಎತ್ತಿಕೊಟ್ಟಳು. ಜನ ನಕ್ಕು ಚಪ್ಪಾಳೆ ಹೊಡೆದರು.

ಹಂತ 4: ಪಟ್ಟಿ ಎತ್ತುವ ರೀತಿ

ವರ್ಷಕ್ಕೊಮ್ಮೆ ಐದುನೂರು ಕೇಳುವುದಕ್ಕಿಂತ ತಿಂಗಳಿಗೆ ಐವತ್ತು ಕೇಳುವುದು ಲೇಸು. ನೂರು ಮನೆಯಲ್ಲಿ ಅರವತ್ತು ಮನೆ ತಪ್ಪದೆ ಕೊಟ್ಟರೂ ವರ್ಷಕ್ಕೆ 36,000 ಆಯಿತು. ಮೇಲಿನ ಲೆಕ್ಕಕ್ಕೆ ಇನ್ನು ಬೇಕಾದದ್ದು 7,500 ಮಾತ್ರ. ಹತ್ತು ಮನೆ ಬಿಟ್ಟುಹೋದರೂ ತಂಡ ಬೀಳುವುದಿಲ್ಲ.

ಇಂಜಿನಿಯರ್ ಮನೆಗೂ ಹಮಾಲಿ ಮಾಡುವವರ ಮನೆಗೂ ಒಂದೇ ಐವತ್ತು. ಜಾಸ್ತಿ ಕೊಡುತ್ತೇನೆ ಅನ್ನುವವರಿಗೆ ಬೇರೆ ರಸೀದಿ ಕೊಡಿ, ಆದರೆ ತಿಂಗಳ ಪಟ್ಟಿ ಎಲ್ಲರಿಗೂ ಸಮ ಇರಲಿ. ಇಷ್ಟು ಕೊಟ್ಟೆ ಅನ್ನುವ ಹಮ್ಮು, ಇಷ್ಟೇ ಕೊಟ್ಟೆ ಅನ್ನುವ ಸಂಕೋಚ ಎರಡೂ ಇರುವುದಿಲ್ಲ.

ಹೊತ್ತು ನೋಡಿ ಹೋಗಬೇಕು. ನೌಕರದಾರರ ಮನೆಗೆ ತಿಂಗಳ ಮೊದಲ ವಾರ. ಮಗ್ಗದವರಿಗೆ ಮಜೂರಿ ಸಿಗುವ ದಿನ. ಅಂಗಡಿಯವರ ಹತ್ತಿರ ಬೆಳಗ್ಗೆ ಬೋಣಿ ಆಗುವ ಮೊದಲು ಹೋದರೆ ಬೈಸಿಕೊಳ್ಳುತ್ತೀರಿ, ಸಂಜೆ ಗಿರಾಕಿ ಗದ್ದಲದಲ್ಲಿ ಹೋದರೆ 'ನಾಳೆ ಬಾ' ಅನ್ನಿಸಿಕೊಳ್ಳುತ್ತೀರಿ, ಮಧ್ಯಾಹ್ನ ಮೂರಕ್ಕೆ ಹೋಗಿ. ಮುಧೋಳ, ಜಮಖಂಡಿ ಕಡೆಯ ಕಬ್ಬು ಬೆಳೆಗಾರರ ಕೈಯಲ್ಲಿ ರೊಕ್ಕ ಆಡುವುದು ಫ್ಯಾಕ್ಟರಿ ಬಿಲ್ಲು ಬಂದಮೇಲೆಯೇ. ಅವರ ಹತ್ತಿರ ತಿಂಗಳ ಪಟ್ಟಿ ಬೇಡ, ವರ್ಷದ್ದನ್ನು ಆಗ ಒಮ್ಮೆಗೇ ಕೇಳಿ. ಜೂನ್‌ನಲ್ಲಿ ಯಾರ ಮನೆಗೂ ಹೋಗಬೇಡಿ, ಆ ತಿಂಗಳದ್ದನ್ನು ಆಮೇಲೆ ಕೇಳಿ. ಬಿತ್ತನೆ ಬೀಜ, ಗೊಬ್ಬರ, ಶಾಲೆ ಫೀಸು ಎಲ್ಲಾ ಒಂದೇ ತಿಂಗಳಿಗೆ.

ಯಾವಾಗಲೂ ಇಬ್ಬರು ಹೋಗಿ: ಒಬ್ಬ ಹಿರಿಯರು, ಒಬ್ಬ ಹುಡುಗ ಅಥವಾ ಹುಡುಗಿ. ರಸೀದಿ ಪುಸ್ತಕಕ್ಕೆ ಮೊದಲೇ ನಂಬರ್ ಹಾಕಿರಬೇಕು, ಕಾರ್ಬನ್ ಪ್ರತಿ ಉಳಿಯಬೇಕು. ಫೋನ್‌ಪೇ ಮಾಡುತ್ತೇವೆ ಅಂದರೆ ಸಂಘದ ಖಾತೆಯ ಕ್ಯೂಆರ್ ತೋರಿಸಿ. 'ಸದ್ಯ ನನ್ನ ನಂಬರಿಗೆ ಹಾಕ್ರಿ' ಅಂತ ಒಂದು ಸಲ ಅಂದಿರೋ, ಆ ಓಣಿಯಲ್ಲಿ ನಿಮ್ಮ ಹೆಸರು ಕೆಟ್ಟ ಹಾಗೇ.

ಕೊಡದವರ ಹೆಸರನ್ನು ಎಲ್ಲೂ ಎತ್ತಬೇಡಿ. ಮೂರು ತಿಂಗಳು ಕೊಡದ ಮನೆಗೆ ಪಟ್ಟಿ ಪುಸ್ತಕ ಬಿಟ್ಟು ಬರೀ ಕೈಯಲ್ಲಿ ಹೋಗಿ ಚಹಾ ಕುಡಿದು ಬನ್ನಿ. ಅಲ್ಲಿ ಕಾಯಿಲೆಯೋ ಸಾಲವೋ ಇರುತ್ತದೆ. ಕೆಲವು ಸಲ ನಮ್ಮ ಮೇಲಿನ ಸಿಟ್ಟೂ ಇರುತ್ತದೆ. ಒಂದು ಮನೆಯವರು, ಹ್ಯಾಂಡ್‌ಬಿಲ್ಲಿನಲ್ಲಿ ತಮ್ಮ ಅಣ್ಣನ ಹೆಸರು ತಪ್ಪಾಗಿ ಅಚ್ಚಾಗಿದ್ದಕ್ಕೆ ಆರು ತಿಂಗಳು ಮುನಿಸಿಕೊಂಡಿದ್ದರು. ನ್ಯಾಯವಾದ ಸಿಟ್ಟೇ ಬಿಡಿ.

ಹಂತ 5: ದೊಡ್ಡ ದಾನಿಯನ್ನು ದೂರ ಇಡಬೇಡಿ, ಹತ್ತಿರವೂ ಕೂರಿಸಬೇಡಿ

ನಮ್ಮ ನಿಯಮ: ಒಬ್ಬರಿಂದ ವರ್ಷದ ಖರ್ಚಿನ ಕಾಲು ಭಾಗಕ್ಕಿಂತ ಜಾಸ್ತಿ ತಗೊಳ್ಳುವುದಿಲ್ಲ. ಅದಕ್ಕಿಂತ ಹೆಚ್ಚು ಕೊಡುತ್ತೇವೆ ಅಂದರೆ ನಾಟಕದ ಖರ್ಚಿಗೆ ಸೇರಿಸದೆ ಒಂದು ವಸ್ತು ಕೊಡಿಸಿಕೊಳ್ಳಿ. ಎರಡು ಲೈಟೋ, ಒಂದು ಪೇಟಿಯೋ ಆದರೆ ಅವರು ಮುನಿಸಿಕೊಂಡ ಮೇಲೂ ಅದು ನಿಮ್ಮಲ್ಲೇ ಇರುತ್ತದೆ. ಹ್ಯಾಂಡ್‌ಬಿಲ್ಲಿನಲ್ಲಿ ಎಲ್ಲರ ಹೆಸರೂ ಒಂದೇ ಅಳತೆಯ ಅಕ್ಷರದಲ್ಲಿ. ವೇದಿಕೆ ಹಿಂದೆ ಯಾರ ಫೋಟೊ ಇರುವ ಬ್ಯಾನರೂ ಬೇಡ. ಪಾತ್ರ ಹಂಚುವುದು ಮಾಸ್ತರರ ಕೆಲಸ ಅಂತ ರೊಕ್ಕ ಮುಟ್ಟುವ ಮೊದಲೇ ನಗುತ್ತಾ ಹೇಳಿಬಿಡಿ. ಅಳಿಯಂದಿರು ಎಲ್ಲಾ ಓಣಿಯಲ್ಲೂ ಇರುತ್ತಾರೆ.

ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಿ. ನೋಂದಣಿ ಪತ್ರ, ಆಡಿಟ್ ಆದ ಲೆಕ್ಕ, ಹಿಂದಿನ ನಾಟಕದ ಫೋಟೊ ಒಂದು ಫೈಲಿನಲ್ಲಿ ಯಾವಾಗಲೂ ತಯಾರಿರಲಿ. ಆದರೆ ಆ ರೊಕ್ಕ ಬರುವುದಿಲ್ಲ ಅಂತಲೇ ನಾಟಕದ ಲೆಕ್ಕ ಹಾಕಿ. ಬಂದರೆ ಮುಂದಿನ ವರ್ಷದ ಪರದೆಗೆ ಆಯಿತು.

ಹಂತ 6: ಟಿಕೆಟ್, ಆಯೇರಿ, ನಾಟಕಕಾರರ ಒಪ್ಪಿಗೆ

ಓಣಿಯ ಬಯಲಿನಲ್ಲಿ ಮಾಡಿದರೆ ಟಿಕೆಟ್ ಇಡಬೇಡಿ. ತಿಂಗಳು ತಿಂಗಳು ಕೊಟ್ಟವರಿಗೆ ಮತ್ತೆ ಟಿಕೆಟ್ ಅಂದರೆ ಕೇಳಲಿಕ್ಕೇ ಚೆನ್ನಾಗಿರುವುದಿಲ್ಲ. ಅದೇ ನಾಟಕವನ್ನು ಮುಂದೆ ವಿಜಯಪುರದ ಕಂದಗಲ್ ಹನುಮಂತರಾಯ ರಂಗಮಂದಿರದಂಥ ಕಡೆ ಒಯ್ದರೆ ಆಗ ಇಡಿ. ತಲೆಗೆ 500 ರೂಪಾಯಿವರೆಗಿನ ನಾಟಕದ ಟಿಕೆಟ್ಟಿಗೆ ಜಿಎಸ್‌ಟಿ ಇಲ್ಲ.

ಬೇರೆಯವರು ಬರೆದ ನಾಟಕ ಆಡುವುದಾದರೆ ಹಕ್ಕಿನ ವಿಷಯ ತಿಳಿದಿರಲಿ. ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಮನೆಯವರದು. ಕೈಲಾಸಂ ತೀರಿಕೊಂಡದ್ದು 1946ರಲ್ಲಿ, ಹಾಗಾಗಿ ಅವರ ನಾಟಕಗಳನ್ನು ಯಾರು ಬೇಕಾದರೂ ಆಡಬಹುದು. ನಮ್ಮ ವಿಜಯಪುರ ಜಿಲ್ಲೆಯ ಅಗರಖೇಡದ ಶ್ರೀರಂಗರು ತೀರಿಕೊಂಡದ್ದು 1984ರಲ್ಲಿ, ಅವರ ನಾಟಕಕ್ಕೆ ಒಪ್ಪಿಗೆ ಬೇಕು. ಹವ್ಯಾಸಿ ಸಂಘ ಪುಕ್ಕಟೆ ಆಡಿ ತೋರಿಸಿದರೆ ಕಾಯ್ದೆಯಲ್ಲಿ ರಿಯಾಯಿತಿ ಇದೆ ನಿಜ, ಆದರೂ ಒಂದು ಪತ್ರ ಬರೆದು ಕೇಳುವುದು ಮರ್ಯಾದೆ.

ಇನ್ನು ಆಯೇರಿ, ಅಂದರೆ ಪಾತ್ರ ಮೆಚ್ಚಿ ನೋಡುಗರು ಕೊಡುವ ಉಡುಗೊರೆ. ಉತ್ತರ ಕರ್ನಾಟಕದಲ್ಲಿ ನಾಟಕ ಮಾಡಿದವರಿಗೆಲ್ಲ ಈ ಸಂಕಟ ಗೊತ್ತು. ನಾಯಕ ಗುಂಡು ತಿಂದು ತಾಯಿಯ ತೊಡೆಯ ಮೇಲೆ ಬಿದ್ದಿದ್ದಾನೆ, ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದಾರೆ, ಅಷ್ಟರಲ್ಲಿ ಮೈಕಿನಲ್ಲಿ: "ನಾಯಕನ ಪಾತ್ರ ಮೆಚ್ಚಿ ಅವರ ಸೋದರಮಾವನವರು 101 ರೂಪಾಯಿ ಆಯೇರಿ ಮಾಡಿರುತ್ತಾರೆ!" ಮಾವ ಟವೆಲ್ ಹಿಡಿದು ವೇದಿಕೆ ಹತ್ತುತ್ತಾರೆ. ಸಾಯುತ್ತಿದ್ದವನು ಎದ್ದು ಕೈ ಮುಗಿದು ಟವೆಲ್ ಹೊದ್ದುಕೊಂಡು ಮತ್ತೆ ಮಲಗಿ ಸಾಯುತ್ತಾನೆ.

ಆಯೇರಿ ನಿಲ್ಲಿಸಬೇಡಿ. ನಾವು ಒಂದು ವರ್ಷ ನಿಲ್ಲಿಸಿದೆವು, ಜನಕ್ಕೆ ಬೇಜಾರಾಯಿತು, ಖಜಾಂಚಿಗೆ ಇನ್ನೂ ಜಾಸ್ತಿ ಬೇಜಾರಾಯಿತು. ಈಗ ವೇದಿಕೆಯ ಪಕ್ಕ ಒಂದು ಟೇಬಲ್ ಇಟ್ಟಿದ್ದೇವೆ. ಯಾರ ಹೆಸರು, ಯಾವ ಪಾತ್ರಕ್ಕೆ, ಎಷ್ಟು ಅಂತ ಚೀಟಿ ಬರೆಸಿ ಕೊಡುತ್ತಾರೆ. ಮಧ್ಯಂತರದಲ್ಲಿ ಪಾತ್ರಧಾರಿಗಳನ್ನು ಸಾಲಾಗಿ ನಿಲ್ಲಿಸಿ ಎಲ್ಲಾ ಚೀಟಿ ಓದುತ್ತೇವೆ, ಅದೇ ಒಂದು ಸಣ್ಣ ಪ್ರದರ್ಶನ ಆಗಿಬಿಟ್ಟಿದೆ. ಅರ್ಧ ಪಾತ್ರಧಾರಿಗೆ, ಅರ್ಧ ಸಂಘಕ್ಕೆ. ಈ ಹಂಚಿಕೆಯನ್ನು ತಾಲೀಮಿನ ಮೊದಲ ದಿನವೇ ಮಾತಾಡಿಕೊಂಡಿರಬೇಕು. ಪಟ್ಟಿಯ ಲೆಕ್ಕದಲ್ಲಿ ಕಡಿಮೆ ಬಿದ್ದಿದ್ದ ಆ 7,500 ಬರುವುದು ಇಲ್ಲಿಂದ.

ಹಂತ 7: ಪರವಾನಗಿ

ಪೊಲೀಸ್ ಠಾಣೆಗೆ ಮೊದಲೇ ಅರ್ಜಿ ಕೊಡಿ, ಧ್ವನಿವರ್ಧಕದ್ದೂ ಸೇರಿಸಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಮೈಕು ಹಚ್ಚುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಅಂತ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು, ನಿಮ್ಮ ನಾಟಕದ ದಿನ ಅದರಲ್ಲಿದೆಯಾ ಅಂತ ಠಾಣೆಯಲ್ಲೇ ವಿಚಾರಿಸಿ. ಬೆಳತನಕ ಆಡುವ ಕಾಲ ಹೋಯಿತು ಅಂತ ಹಿರಿಯರು ಗೊಣಗುತ್ತಾರೆ. ನಾವು ಏಳಕ್ಕೆ ನಾಂದಿ ಹಾಡಿ ಹತ್ತರೊಳಗೆ ಮಂಗಳ ಹಾಡುತ್ತೇವೆ. ನಾಟಕ ಚುರುಕಾಯಿತು, ಮಕ್ಕಳೂ ನಿದ್ದೆ ಹೋಗದೆ ನೋಡುತ್ತಾರೆ.

ಹಂತ 8: ಲೆಕ್ಕ ಓದುವ ರಾತ್ರಿ

ನಾಟಕ ಆಗಿ ಹದಿನೈದು ದಿನದೊಳಗೆ, ಗುಡಿ ಕಟ್ಟೆಯ ಮೇಲೆ, ಎಲ್ಲರನ್ನೂ ಕರೆದು ಲೆಕ್ಕ ಓದಿ. ವಾಟ್ಸಾಪ್‌ನಲ್ಲಿ ಪಿಡಿಎಫ್ ಹಾಕಿದರೆ ಸಾಲದು, ಬಾಯಿಂದ ಓದಬೇಕು, ಪ್ರಶ್ನೆ ಕೇಳಲು ಬಿಡಬೇಕು. ಮಿರ್ಚಿ ಭಜಿ ಮಾಡಿಸಿ, ಜನ ಬರುತ್ತಾರೆ.

ಹೋದ ಸಲ ಖಜಾಂಚಿ "ಹೂವಿನ ಹಾರ, 600" ಅಂತ ಓದಿದಾಗ ಹಿಂದಿನಿಂದ ಒಬ್ಬ ಅವ್ವ ಎದ್ದು ನಿಂತರು. "ಯಾರಿಗೆ ಹಾಕಿದ್ರಿ ಹಾರ?"

"ಅತಿಥಿಗಳಿಗೆ ಬೇ."

"ಅತಿಥಿ ಎಷ್ಟು ಮಂದಿ?"

"ಮೂರು."

"ಎರಡುನೂರರ ಹಾರ ಹಾಕ್ಕೊಂಡು ಅವರು ನಾಟಕ ಮುಗಿಯೂತನ ಕುಂತಿದ್ರೇನು?"

ಕೂತಿರಲಿಲ್ಲ. ಅರ್ಧ ತಾಸಿಗೆ ಎದ್ದು ಹೋಗಿದ್ದರು. ಅವತ್ತೇ ಠರಾವು ಆಯಿತು: ಇನ್ನು ಮುಂದೆ ಹಾರ ಇಲ್ಲ, ಅತಿಥಿಗಳೂ ಇಲ್ಲ, ಓಣಿಯ ಹಿರಿಯರೊಬ್ಬರು ದೀಪ ಹಚ್ಚುವುದು. ಖಜಾಂಚಿಗೆ ಮುಖ ಸಣ್ಣದಾಯಿತು. ಆದರೆ ಮರು ತಿಂಗಳು ಆ ಅವ್ವನ ಸಾಲಿನ ಐದು ಹೊಸ ಮನೆಗಳು ಐವತ್ತು ಕೊಡಲು ಶುರು ಮಾಡಿದವು. ಸೋರಿಕೆ ಎಲ್ಲಿದೆ ಅಂತ ಅವರಿಗೇ ಕಂಡಿತ್ತಲ್ಲ.

ಬಾಕಿ ಇದ್ದರೆ ಅದನ್ನೂ ಓದಿ. ಮೈಕಿನವನಿಗೆ 3,000 ಕೊಡಬೇಕು ಅಂದರೆ ಅಲ್ಲೇ ಕೂತವರು ಏನಾದರೂ ದಾರಿ ಮಾಡುತ್ತಾರೆ. ಮುಚ್ಚಿಟ್ಟ ಬಾಕಿ ಮೂರನೇ ವರ್ಷ ಬಾಗಿಲು ಬಡಿಯುತ್ತದೆ, ಮೊದಲೇ ಹೇಳಿದೆನಲ್ಲ.

ಯಾವುದಾದರೂ ವರ್ಷ ಸ್ವಂತ ನಾಟಕ ಆಗದಿದ್ದರೆ ಪಟ್ಟಿ ನಿಲ್ಲಿಸಬೇಡಿ. 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲಿ ಶುರುವಾದ ನೀನಾಸಂ 1985ರಿಂದ ತಿರುಗಾಟದ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ಅಂಥ ಒಂದು ತಂಡವನ್ನು ಕರೆಸಿ, ಊಟ ವಸತಿ ನೋಡಿಕೊಳ್ಳಿ. ರೊಟ್ಟಿ ಕೂಡಿಸುವ ಅಭ್ಯಾಸವಾದರೂ ತಪ್ಪುವುದಿಲ್ಲ.

ಹಂತ 9: ಮರುದಿನ ಬೆಳಗ್ಗೆ

ನಾಟಕದ ಮರುದಿನ ಎಲ್ಲರೂ ಮಲಗಿರುತ್ತಾರೆ. ಇಬ್ಬರನ್ನು ಮಾತ್ರ ಮಲಗಲು ಬಿಡಬೇಡಿ. ಅವರ ಕೈಯಲ್ಲಿ ಎರವಲು ತಂದ ವಸ್ತುಗಳ ಚೀಟಿ ಇರಬೇಕು: ಮಂಚ ಯಾರ ಮನೆಯದು, ಕಂದೀಲು ಯಾರದು, ಹಿತ್ತಾಳೆ ಕೊಡ ಯಾರದು. ಮಂಚಕ್ಕೆ ಮೊಳೆ ಹೊಡೆದಿದ್ದರೆ ತೆಗೆದು ಒರೆಸಿ ಕೊಡಿ. ಒಡೆದದ್ದನ್ನು ಒಡೆದಿದೆ ಅಂತ ಹೇಳಿಯೇ ಕೊಡಿ, ರೊಕ್ಕವನ್ನೂ ಜೊತೆಗೇ ಒಯ್ಯಿರಿ. ಇಳಕಲ್ ಸೀರೆಗಳನ್ನು ಮನೆಯಲ್ಲಿ ತೊಳೆಯಲು ಹೋಗಬೇಡಿ, ಸೆರಗಿನ ಕೆಂಪು ಬಣ್ಣ ಬಿಟ್ಟರೆ ಮುಗಿಯಿತು, ಡ್ರೈಕ್ಲೀನ್ ಮಾಡಿಸಿ ಇಸ್ತ್ರಿ ಹಾಕಿಸಿ. ನಮಗೆ ಸೀರೆ ಕೊಟ್ಟ ಒಬ್ಬ ಅಜ್ಜಿ ವಾಪಸ್ ತಗೊಳ್ಳುವಾಗ ಮಡಿಕೆ ಬಿಚ್ಚಿ, ಸೆರಗು ನೋಡಿ, ಅಂಚು ನೋಡಿ, ಮೂಗಿಗೆ ಹಿಡಿದು ವಾಸನೆಯನ್ನೂ ನೋಡಿದರು. ಆಮೇಲೆ ಟ್ರಂಕು ತೆಗೆದು ಅದನ್ನು ಒಳಗಿಟ್ಟು, ಅದರ ಕೆಳಗಿದ್ದ ಇನ್ನೊಂದು ಸೀರೆ ಎತ್ತಿ ತೋರಿಸಿದರು. "ಬರೂ ವರ್ಷ ರಾಣಿ ಪಾತ್ರ ಇದ್ರ ಇದನ್ನ ಒಯ್ರಿ."